ಕೆಂಪು ಗುಂಡು, ನೀಲಿ ಗುಂಡು

ಹೆಬ್ಬೆರಳಿನ ಕೆಂಪು ಹೋಗಿರಲಿಲ್ಲ. ಬೆಳಿಗ್ಗೆ ಸೋಪು ಹಚ್ಚಿ, ಅದಕ್ಕೂ ಬಗ್ಗದಿದ್ದಾಗ ಸೀಮೆಎಣ್ಣೆ ಹಚ್ಚಿ ಉಜ್ಜಿದ್ದಳು. ಆದರೂ ಉಗುರಿನ ಸಂದಿಯಲ್ಲಿ ಕೆಂಪು, ತೋರುಬೆರಳ ತುದಿಯಲ್ಲಿ ನೀಲಿ ಹಾಗೇ ಉಳಿದಿದ್ದವು. ಗುರಿಕಾರರ ಬಯಲಿನ ಕೊನೆಯಲ್ಲಿ, ಗುರಿಹಾಳೆ ಏರಿಸಿ ಇಳಿಸುವವರು ಕೂರುವ ಕಂದಕದ ಸಿಮೆಂಟು ಗೋಡೆಗೆ ಬೆನ್ನು ಕೊಟ್ಟು ಕೂತವಳು ಆ ಎರಡು ಬೆರಳುಗಳನ್ನು ತಾಗಿಸಿ, ಬಿಡಿಸಿ, ಮತ್ತೆ ತಾಗಿಸಿ ನೋಡಿಕೊಳ್ಳುತ್ತಿದ್ದಳು. ಎದುರಿಗೆ, ಕಬ್ಬಿಣದ ಚೌಕಟ್ಟಿನಲ್ಲಿ ಸಿಕ್ಕಿಸಿ ಹಗ್ಗದಿಂದ ಮೇಲಕ್ಕೆಳೆದ ಗುರಿಹಾಳೆ ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಅದರಾಚೆ ಗುಂಡು ನುಂಗುವ ಮಣ್ಣಿನ ದಿಬ್ಬ. ಬೆನ್ನ ಹಿಂದಿನ ಗೋಡೆಯಾಚೆ ಸಾವಿರ ಗಜ ಹುಲ್ಲು. ಆ ಹುಲ್ಲಿನ ಕೊನೆಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿ, ಕೆನ್ನೆಯನ್ನು ರೈಫಲಿನ ಮರಕ್ಕೆ ಒತ್ತಿಕೊಂಡ ಚಿಕ್ಕಮ್ಮ. ಇಲ್ಲಿಂದ ನೋಡಿದರೆ ಚಿಕ್ಕಮ್ಮ ಒಂದು ಎಳ್ಳುಕಾಳು. ಅಲ್ಲಿಂದ ಇತ್ತ ನೋಡಿದರೆ, ಆಳೆತ್ತರಕ್ಕೂ ಮಿಗಿಲಾದ ಈ ಹಾಳೆ ಅವಳ ಪಾಲಿಗೆ ಒಂದು ಅಕ್ಕಿಕಾಳು. ಎಳ್ಳು ಅಕ್ಕಿಯನ್ನು ಗುರಿಯಿಟ್ಟು ಹೊಡೆಯುವುದೆಂದರೆ ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ಮಾತ್ರ ಆಗುವಂಥದ್ದು; ಅಲ್ಲಿಯೂ ಅದಕ್ಕೆ ಯಾವುದಾದರೂ ಮುದುಕಿಯ ವರ ಬೇಕಾಗುತ್ತಿತ್ತು.

ಸೊಂಟದ ವಾಕಿಟಾಕಿ ಕೆರೆಯಿತು. “ಏಯ್ ಗುಬ್ಬಿ, ಕೇಳ್ತಿದೆಯೇನೇ?”

“ಕೇಳ್ತಿದೆ ಚಿಕ್ಕಮ್ಮ.”

“ಹಾಳೆ ಇಳಿಸ್ಬೇಡ. ಎಲ್ಲಿ ಬಿತ್ತು ಅಂತ ತೋರಿಸ್ಬೇಡ. ಪೂರ್ತಿ ಮುಗಿಯೋವರೆಗೂ ಬಾಯಿಗೆ ಬೀಗ.”

“ಯಾವ ಬಣ್ಣ ಯಾವ ಗುಂಡಿಗೆ ಅಂತಾದ್ರೂ...”

“ಅದನ್ನಂತೂ ಹೇಳ್ಲೇಬೇಡ.”

ಚಿಕ್ಕಮ್ಮನ ದನಿಯ ಹಿಂದಿನಿಂದ ರೈಫಲ್ ಕ್ಲಬ್ಬಿನ ಕಾರ್ಯದರ್ಶಿಯ ನಗು ಕೇಳಿಸಿತು. “ಸೊಸೆ ಆರಿಸೋಕೂ ಇಷ್ಟು ಪರೀಕ್ಷೆ ಮಾಡಲ್ಲ ಬಿಡಿ. ಬೇಗ ಮುಗಿಸಿ, ಸಂಜೆ ಒಳಗೆ ನಾನು ತಂಡದ ಹೆಸರು ಕಳಿಸ್ಬೇಕು. ಗುಂಡು ಕೆಟ್ಟಿದ್ರೆ ನೀವು ಉಳ್ಕೋತೀರ. ಕಣ್ಣು ಕೆಟ್ಟಿದ್ರೆ, ಬೇಜಾರು ಮಾಡ್ಕೋಬೇಡಿ, ಬೇರೆಯವರಿದಾರೆ.”

ಚಿಕ್ಕಮ್ಮ ‘ಹೂಂ’ ಎಂದಳು, ಅಷ್ಟೇ. ತನ್ನ ಹೊಲಿಗೆ ಅಂಗಡಿಯಲ್ಲೂ ಅವಳು ಹಾಗೇ. ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಗಿರಾಕಿ ಎಷ್ಟು ಕೂಗಾಡಿದರೂ ‘ಹೂಂ’ ಎನ್ನುತ್ತ, ಒಂದೊಂದೇ ಸೂಜಿಯನ್ನು ಬಟ್ಟೆಗೆ ಚುಚ್ಚುತ್ತ ಹೋಗುತ್ತಾಳೆ. ಕೂಗಾಡಿದವರು ಕನ್ನಡಿಯೆದುರು ನಿಂತ ಮೇಲೆ ತಾವಾಗಿಯೇ ತಣ್ಣಗಾಗುತ್ತಾರೆ.

ಆಮೇಲೆ ಮೊದಲನೆಯ ಗುಂಡು ಬಂತು. ಹೊಸ ಬಟ್ಟೆಯನ್ನು ಒಂದೇ ಎಳೆತಕ್ಕೆ ಹರಿದ ಹಾಗೆ ತಲೆಯ ಮೇಲಿನ ಆಕಾಶ ಚಟ್ಟೆಂದು ಸೀಳಿತು. ದಿಬ್ಬದ ಮೈಯಿಂದ ಒಂದು ಚಿಟಿಕೆ ಮಣ್ಣು ಹಾರಿತು. ಅದೆಲ್ಲ ಆಗಿಹೋದ ಮೇಲೆ, ಮರೆತುಹೋಗಿದ್ದ ನೆಂಟನೊಬ್ಬ ತಡವಾಗಿ ಬಾಗಿಲು ತಟ್ಟುವಂತೆ, ದೂರದಿಂದ ಬಂದೂಕಿನ ಸದ್ದು ‘ದುಬ್’ ಎಂದಿತು. ಎಷ್ಟು ಸಲ ಕೇಳಿದ್ದರೂ ಅವಳಿಗೆ ಈ ಹಿಂದುಮುಂದು ಅರಗಿರಲಿಲ್ಲ. ಕಾರಣಕ್ಕಿಂತ ಮೊದಲೇ ಪರಿಣಾಮ. ತಪ್ಪು ಮುಗಿದು ಎಷ್ಟೋ ಹೊತ್ತಿನ ಮೇಲೆ ಅದರ ಸದ್ದು ಬಂದು ಕಿವಿಗೆ ಬೀಳುವುದು. ಸದ್ದಿಗಿಂತ ಮುಂದೆ ಓಡುವ ಆ ತಾಮ್ರದ ಚೂರನ್ನು ಮೊನ್ನೆಯಷ್ಟೇ ಅವಳು ಇದೇ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಬೆಳಕಿಗೆ ತಿರುಗಿಸಿದ್ದಳು ಎಂದರೆ ಈಗ ನಂಬಿಕೆ ಬರುತ್ತಿರಲಿಲ್ಲ.

ಆವತ್ತು ಊಟದ ಮೇಜಿನ ಮೇಲೆ ಹಳೆ ಬೆಡ್‌ಶೀಟು ಹಾಸಿ, ಗಾಜಿನ ಮುಚ್ಚಳದ ತಕ್ಕಡಿಯಿಟ್ಟುಕೊಂಡು ಎರಡು ಡಬ್ಬಿಗಳನ್ನು ಬಿಚ್ಚಿದ್ದಳು. ಒಂದರಲ್ಲಿ ಹಳೆಯ ಗುಂಡು, ಚಿಕ್ಕಮ್ಮ ವರ್ಷಗಟ್ಟಲೆ ಹೊಡೆದು ಕಪಾಟು ತುಂಬ ಬಹುಮಾನದ ಬಟ್ಟಲು ತಂದದ್ದು; ಈಗ ಅದನ್ನು ಮಾಡುವುದನ್ನೇ ನಿಲ್ಲಿಸಿದ್ದಾರೆ, ಉಳಿದದ್ದು ಇದೇ ಕೊನೆಯ ಡಬ್ಬಿ. ಇನ್ನೊಂದರಲ್ಲಿ ಹೊಸದು, ಕಾರ್ಯದರ್ಶಿ ಕ್ಲಬ್ಬಿಗೆಲ್ಲ ತರಿಸಿದ್ದು. ಈ ವರ್ಷದ ಪಂದ್ಯಗಳನ್ನೆಲ್ಲ ಅದರಲ್ಲೇ ಆಡಿ, ಚಿಕ್ಕಮ್ಮ ಒಂದಾದ ಮೇಲೊಂದು ಸೋತಿದ್ದಳು. ಎರಡಕ್ಕೂ ಒಂದೇ ತಾಮ್ರದ ಮೈ, ದೋಣಿಯ ಹಿಂಬದಿಯಂತೆ ಸಪೂರವಾದ ಬುಡ, ಸೂಜಿಯೂ ತೂರದಂಥ ತೂತಿರುವ ಮೂಗು. ಒಂದನ್ನು ಎತ್ತಿ ತುದಿಯಿಂದ ಬುಡದವರೆಗೆ ಅಳೆಯಲು ಹೊರಟಾಗ ಚಿಕ್ಕಮ್ಮ ಹಿಂದಿನಿಂದ ಬಂದು ಕೈಗೊಂದು ಏಟು ಹಾಕಿದ್ದಳು. “ಮೂಗು ಯಾರದ್ದೂ ಒಂದೇ ಸಮ ಇರಲ್ಲ ಕಣೇ. ರವಿಕೆ ಹೊಲಿಯೋಕೆ ಮೂಗು ಅಳಿತೀವೇನು? ಭುಜ ಅಳಿ.” ಗುಂಡಿಗೂ ಭುಜವಿದೆ, ಮೂಗಿನ ಇಳಿಜಾರು ಮುಗಿದು ಮೈ ಪೂರ್ತಿ ದಪ್ಪವಾಗುವ ಜಾಗ. ಅಲ್ಲಿಗೊಂದು ಉಕ್ಕಿನ ಉಂಗುರ ತೊಡಿಸಿ, ಬುಡದಿಂದ ಉಂಗುರದವರೆಗೆ ಅಳೆಯಬೇಕು. ಉಂಗುರ ತೊಡಿಸುತ್ತ, ತೆಗೆಯುತ್ತ, ತೂಗುತ್ತ ಅವಳಿಗೆ ಮೈ ಜುಮ್ಮೆಂದಿತ್ತು. ಹಳೆಯದೂ ಹೊಸದೂ ಎರಡೂ ತಮ್ಮತಮ್ಮೊಳಗೆ ಅವಳಿಜವಳಿಗಳ ಹಾಗೆ. ರೆಪ್ಪೆಗೂದಲೊಂದು ಬಿದ್ದರೆ ಹೆಚ್ಚುಕಡಿಮೆ ತೋರಿಸುವ ತಕ್ಕಡಿ, ಗುಂಡು ಬದಲಾಯಿಸಿದರೆ ಅಲುಗಾಡುತ್ತಿರಲಿಲ್ಲ. ಯಾರೋ, ಎಲ್ಲೋ, ಅವಳ ಮುಖವನ್ನೇ ಕಾಣದ ಮನುಷ್ಯರು, ಒಂದು ಚೂರು ಲೋಹವನ್ನು ಇಷ್ಟು ಪ್ರೀತಿಯಿಂದ ಮಾಡಿ ಕಳಿಸಿದ್ದಾರಲ್ಲ! ಆದರೆ ಆ ಬೆರಗಿನ ಬುಡದಲ್ಲೇ ಒಂದು ಚಿಕ್ಕ ನಿರಾಸೆ ಚುಚ್ಚಿತ್ತು. ಹೊಸ ಗುಂಡಿನಲ್ಲಿ ಏನಾದರೂ ಕುಂದು ಸಿಗಲಿ ಎಂದು ಅವಳು ಒಳಗೊಳಗೇ ಹರಕೆ ಹೊತ್ತಂತೆ ಕೂತಿದ್ದಳು. ಮೇಜಿನ ಮೇಲೆ ಸಿಗದ ಕುಂದು ಸಾವಿರ ಗಜದಲ್ಲಿ ಸಿಗಬಹುದು, ಮೂಗು ಗಾಳಿಗೆ ಹೆಚ್ಚು ಸಿಕ್ಕಿಕೊಳ್ಳುತ್ತಿರಬಹುದು ಎಂದುಕೊಂಡು, ಹಳೆಯವಕ್ಕೆ ಕೆಂಪು ಮಾರ್ಕರ್, ಹೊಸವಕ್ಕೆ ನೀಲಿ ಹಚ್ಚಿ, ಮದ್ದು ತುಂಬಿದ ತೋಟಾಗಳಿಗೆ ಕೂರಿಸಿ, ಕೆಂಪು ಹತ್ತನ್ನು ನೀಲಿ ಹತ್ತರೊಳಗೆ ಕಲೆಸಿ ಪೆಟ್ಟಿಗೆಯಲ್ಲಿ ನಿಲ್ಲಿಸಿದ್ದಳು. ಹಾಳೆ ತೂರುವಾಗ ಗುಂಡು ತನ್ನ ಬಣ್ಣವನ್ನು ತೂತಿನ ಅಂಚಿಗೆ ಒರೆಸಿ ಹೋಗುತ್ತದೆ. ಯಾವ ತೂತು ಯಾರದ್ದೆಂದು ಆಮೇಲೆ ಹಾಳೆಯೇ ಹೇಳುತ್ತದೆ.

ಚಟ್. ಮಣ್ಣು. ದುಬ್. ಮತ್ತೆ ಮೌನ. ಈ ಸಲ ಮೌನ ಉದ್ದವಾಗಿತ್ತು. ಚಿಕ್ಕಮ್ಮ ಏನು ಮಾಡುತ್ತಿದ್ದಾಳೆ? ಪಂದ್ಯಗಳಲ್ಲಿ ಹೀಗೆ ಹೊತ್ತು ಹೋಗುತ್ತಿರಲಿಲ್ಲ. ಅಲ್ಲಿ ಚಿಕ್ಕಮ್ಮನ ಪಕ್ಕದಲ್ಲಿ ದುರ್ಬೀನಿಗೆ ಕಣ್ಣಿಟ್ಟು ಇವಳೇ ಕೂತಿರುತ್ತಿದ್ದಳು. ಹೊಡೆಯುವವಳು ಗುರಿ ನೋಡಬೇಕು, ಗಾಳಿಯನ್ನು ಪಕ್ಕದವಳು ನೋಡಿ ಹೇಳಬೇಕು. ಹೊಡೆಯುವವಳ ಕಣ್ಣು, ಕೈ, ಉಸಿರು ಎಲ್ಲ ಅವಳದ್ದೇ. ಗಾಳಿ ಮಾತ್ರ ಪಕ್ಕದವಳ ಬಾಯಲ್ಲಿ. ದುರ್ಬೀನಿನೊಳಗೆ ಬಿಸಿಲುಗುದುರೆ ಓಡುವುದನ್ನು ಮೊದಲ ಸಲ ನೋಡಿದ ದಿನ ಅವಳು ಊಟ ಮರೆತಿದ್ದಳು. ಹುಲ್ಲಿನ ಮೇಲಿನ ಬಿಸಿ ಉಸಿರು ನೀರಿನಂತೆ, ಅಲ್ಲ, ಜೂಲು ಕೆದರಿದ ಸಾವಿರ ಪಾರದರ್ಶಕ ಕುದುರೆಗಳಂತೆ, ಗಾಳಿ ಬೀಸಿದತ್ತ ಓಡುತ್ತಿತ್ತು. ಅಜ್ಜಿಯ ಕತೆಯೊಳಗೇ ಕಾಲಿಟ್ಟ ಹಾಗೆ. ಅಜ್ಜಿ ಹೇಳುತ್ತಿದ್ದಳು: ಮೂವರು ಅಕ್ಕತಂಗಿಯರು, ಮುಂದೆ ದೊಡ್ಡ ಬಟ್ಟಬಯಲು, ಬಯಲಿನ ಬಾಯಲ್ಲಿ ಗಾಳಿ ಕಾಲುಚಾಚಿ ಕೂತಿದೆ. ‘ನನ್ನ ಹೆಸರು ಹೇಳಿದವರು ದಾಟಿ ಹೋಗಿ’ ಅಂತು ಗಾಳಿ. ಹಿರಿಯವಳು ‘ನೀನು ಮೂಡಗಾಳಿ’ ಅಂದಳು. ಅಂದದ್ದೇ ತಡ, ಪಡುವಗಾಳಿಯಾಗಿ ತಿರುಗಿ ಅವಳನ್ನು ಹಾರಿಸಿಕೊಂಡು ಹೋಯಿತು. ನಡುವಿನವಳು ಪೂಸಿ ಹೊಡೆಯಲು ‘ನೀನು ತಂಗಾಳಿಯಲ್ಲವೇ’ ಅಂದಳು. ಬಿರುಗಾಳಿಯಾಗಿ ಎತ್ತಿ ಒಗೆಯಿತು. ಮೂರನೆಯವಳು... ಅಷ್ಟರಲ್ಲಿ ಇವಳಿಗೆ ನಿದ್ದೆ. ಎಷ್ಟು ರಾತ್ರಿ ಕೇಳಿದರೂ ಅಷ್ಟರಲ್ಲಿಯೇ ನಿದ್ದೆ.

ಮೊದಮೊದಲು ಅವಳು ಹೆದರಿ ಹೆದರಿ ಗಾಳಿ ಹೇಳುತ್ತಿದ್ದಳು. ಕುದುರೆ ಸ್ವಲ್ಪ ತಡವರಿಸಿದರೂ ‘ತಡಿ ಚಿಕ್ಕಮ್ಮ’ ಎನ್ನುತ್ತಿದ್ದಳು. ಈ ವರ್ಷದ ಆರಂಭದಲ್ಲಿ ಒಂದು ದಿನ ಎಲ್ಲರೂ ಹೊಡೆದು ಎದ್ದು ನಿಂತು ಕಾಯುತ್ತಿರುವಾಗ ಕಾರ್ಯದರ್ಶಿ ಹಿಂದಿನಿಂದ ಗಟ್ಟಿಯಾಗಿ ಕೇಳಿದ್ದ: “ಏನಮ್ಮ ತಡಿತಡಿ ಅಂತ? ಒಲೆ ಮೇಲೆ ಹಾಲಿಟ್ಟು ಉಕ್ಕೋದು ಕಾಯ್ತಿದೀಯಾ?” ಚಾಪೆಗಳ ಉದ್ದಕ್ಕೂ ನಗು ಉರುಳಿಕೊಂಡು ಹೋಗಿತ್ತು. ತನಗೆ ದುರ್ಬೀನು ನೋಡುವ ಪಾಠ ಹೇಳಿಕೊಟ್ಟ ಕ್ಲಬ್ಬಿನ ಮುದುಕನೊಬ್ಬ ಕೂಡ ನಕ್ಕದ್ದು ಕಂಡಿತ್ತು. ಆವತ್ತಿನಿಂದ ಅವಳ ಬಾಯಲ್ಲಿ ಆ ಮಾತು ಬರಲಿಲ್ಲ. ದನಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗೆ ಗರಿಗರಿಯಾಗಿ ಹೇಳುವುದನ್ನು ಕಲಿತಳು: ‘ಎಡದಿಂದ, ಎರಡು ಗೆರೆ, ಹೊಡಿ.’ ‘ಕುದುರೆ ನಿಂತಿದೆ, ಗಾಳಿ ಇಲ್ಲ, ಹೊಡಿ.’ ಜನ ‘ಪರವಾಗಿಲ್ಲ, ಹುಡುಗಿ ಚುರುಕಾದಳು’ ಎಂದರು. ಚಿಕ್ಕಮ್ಮ ರೈಫಲಿನ ಗುರಿಕಣ್ಣಿನ ತಿರುಪನ್ನು ಹೇಳಿದಷ್ಟು ಗೆರೆ ತಿರುಗಿಸಿ, ಹೇಳಿದ ಕ್ಷಣಕ್ಕೆ ಹೊಡೆಯುತ್ತಿದ್ದಳು.

ಚಟ್. ದುಬ್. ಈಗ ಎರಡು ಬೆನ್ನುಬೆನ್ನಿಗೆ ಬಂದವು. ಆಮೇಲೆ ಮತ್ತೆ ದೀರ್ಘ ಬಿಡುವು. ಕಂದಕದ ಅಂಚಿನಲ್ಲಿ ಹುಲ್ಲಿನ ಗರಿಯೊಂದು ಎಡಕ್ಕೆ ಬಾಗಿತು, ನೇರವಾಯಿತು, ಬಲಕ್ಕೆ ಬಾಗಿತು. ಅದು ಬಾಗಿ ನೆಲೆಯಾದ ಮೇಲೆ ಗುಂಡು ಬಂತು. ಮತ್ತೆ ಗರಿ ನೇರವಾದಾಗ ಬಿಡುವು. ಅವಳು ಬೆರಳಾಟ ನಿಲ್ಲಿಸಿದಳು. ಗರಿ ನೇರ ನಿಂತಾಗಲೆಲ್ಲ ಬಂದೂಕು ಸುಮ್ಮನಿರುತ್ತಿತ್ತು. ನಿಂತಾಗಲೇ ಅಲ್ಲವೇ ಹೊಡೆಯಬೇಕಾದ್ದು? ಗಾಳಿಯಿಲ್ಲದ ಹೊತ್ತಲ್ಲವೇ ಅದು?

“ಮುಗೀತು. ಇಳಿಸು,” ಎಂದಿತು ವಾಕಿಟಾಕಿ. ಅಷ್ಟೇ.

ಹಗ್ಗ ಎಳೆದಳು. ಹಾಳೆ ತೇಲಿಕೊಂಡು ಕೆಳಗಿಳಿಯಿತು, ನಡುವಿನ ಕರಿಯ ವೃತ್ತ ಅವಳ ಮುಖದೆದುರು ಬಂದು ನಿಂತಿತು. ನಿಂತದ್ದೇ ಅವಳ ಕೈ ಹಗ್ಗ ಬಿಡುವುದನ್ನು ಮರೆಯಿತು. ಎರಡು ಗೂಡುಗಳು. ಮೇಲೊಂದು ಕೆಂಪಂಚಿನ ತೂತುಗಳದ್ದು. ಒಂದು ಗೇಣು ಕೆಳಗೆ ಇನ್ನೊಂದು, ನೀಲಿಯಂಚಿನದ್ದು. ಎರಡನ್ನೂ ಬೇರೆಬೇರೆಯಾಗಿ ಅವಳು ಅಂಗೈಯಿಂದ ಮುಚ್ಚಿ ನೋಡಿದಳು. ಮುಚ್ಚಿದವು. ಗಾಳಿ ಅಷ್ಟು ಸಲ ದಿಕ್ಕು ಬದಲಿಸಿದ ಬೆಳಿಗ್ಗೆ, ಎಲ್ಲಿ ಬಿತ್ತೆಂದು ಯಾರೂ ಹೇಳದೆ, ಒಬ್ಬಳೇ ಹೆಂಗಸು ಸಾವಿರ ಗಜದಾಚೆಯಿಂದ ಅವಳ ಅಂಗೈಯೊಳಕ್ಕೆ ಇದನ್ನೆಲ್ಲ ಇಟ್ಟಿದ್ದಳು. ಕೆಂಪಿನಷ್ಟೇ ನೀಲಿ, ನೀಲಿಯಷ್ಟೇ ಕೆಂಪು. ಹೊಸದು ಒಂದು ಗೇಣು ಕೆಳಗೆ ಬೀಳುತ್ತದೆ, ಅಷ್ಟೇ ತಕರಾರು. ಗುರಿಕಣ್ಣಿನ ತಿರುಪನ್ನು ಕೊಂಚ ತಿರುಗಿಸಿದರೆ ಮುಗಿಯಿತು. ಅವಳು ಹಾಳೆಯೆದುರು ಮಂಡಿಯೂರಿದಳು. ತೂತುಗಳ ಮೂಲಕ ಆಚೆಯ ದಿಬ್ಬದ ಬೆಳಕು ಇಣುಕುತ್ತಿತ್ತು, ಹಗಲಿನಲ್ಲೇ ಎದ್ದ ಚುಕ್ಕಿಗಳ ಹಾಗೆ.

ಆ ಬೆರಗು ತಣಿಯುವ ಮುನ್ನವೇ, ಹಿಂದುಳಿದು ಬರುವ ಬಂದೂಕಿನ ಸದ್ದಿನಂತೆ, ಇನ್ನೊಂದು ಬಂದು ಎದೆಗೆ ಬಡಿಯಿತು. ‘ಮೇಲೆ ಕೆಳಗೆ ಚೆದುರಿದ್ರೆ ಗುಂಡನ್ನ ಬೈಯಿ, ಅಡ್ಡಡ್ಡ ಚೆದುರಿದ್ರೆ ಗಾಳೀನ ಬೈಯಿ’ ಎಂದು ಚಿಕ್ಕಮ್ಮನೇ ಕಲಿಸಿದ್ದು. ಸೋತ ಪಂದ್ಯಗಳಲ್ಲಿ ಎಲ್ಲ ಅಡ್ಡಡ್ಡವೇ ಹೋಗಿತ್ತು. ಗುಂಡಿನ ಮೂಗು ಕೆಟ್ಟದ್ದು, ಗಾಳಿಗೆ ಬೇಗ ಸಿಗುತ್ತದೆ ಎಂದು ತಾನು ಅಂದುಕೊಂಡಿದ್ದಳು. ಚಿಕ್ಕಮ್ಮನ ಕಣ್ಣು ಮಂಜಾಗಿದೆ, ಕೈ ನಡುಗುತ್ತಿದೆ ಎಂದು ಕಾರ್ಯದರ್ಶಿ ಅಂದಿದ್ದ. ಇಲ್ಲಿ ಅದೇ ಗುಂಡು. ಅದೇ ಕಣ್ಣು, ಅದೇ ಕೈ. ಪಂದ್ಯದಲ್ಲಿ ಇದ್ದು ಇಲ್ಲಿ ಇಲ್ಲದ್ದು ಒಂದೇ ಒಂದು, ಪಕ್ಕದಲ್ಲಿ ಕೂತ ತಾನು. ‘ಕುದುರೆ ನಿಂತಿದೆ, ಹೊಡಿ.’ ನಿಂತ ಕುದುರೆ ಮಲಗುವುದಕ್ಕೆ ನಿಂತದ್ದಲ್ಲ, ತಿರುಗುವುದಕ್ಕೆ ನಿಂತದ್ದು. ಎಡದಿಂದ ಬರುತ್ತಿದ್ದ ಗಾಳಿ ಬಲದಿಂದ ಬೀಸಲು ಹೊರಳುವ ಮುನ್ನ ಕುದುರೆ ಹಾಗೆ ನೆಟ್ಟಗೆ ಮೇಲಕ್ಕುಕ್ಕುತ್ತದೆ. ಗುಂಡು ನಡುದಾರಿಯಲ್ಲಿರುವಾಗಲೇ ಕುದುರೆ ಹೊರಳಿರುತ್ತದೆ. ಹುಲ್ಲಿನ ಗರಿಗೆ ಗೊತ್ತಿದ್ದದ್ದು ತನಗೆ ಗೊತ್ತಿರಲಿಲ್ಲ. ಚಿಕ್ಕಮ್ಮನಿಗೆ? ಗೊತ್ತಿತ್ತು. ಇವತ್ತಿನ ಒಂದೊಂದು ಬಿಡುವೂ ಹೇಳಿತಲ್ಲ. ಗೊತ್ತಿದ್ದೂ ಚಿಕ್ಕಮ್ಮ, ವರ್ಷವೆಲ್ಲ, ಇವಳು ಹೇಳಿದಲ್ಲಿಗೇ ಹೊಡೆದಿದ್ದಳು. ತನ್ನ ಕಣ್ಣು ಬೇಡವೆಂದದ್ದನ್ನು ಅಕ್ಕನ ಮಗಳ ಬಾಯಿ ಬೇಕೆಂದಿತೆಂದು ಹೊಡೆದಿದ್ದಳು. ಆಮೇಲೆ ಮನೆಗೆ ಬಂದು ಚಹಾ ಕುಡಿಯುತ್ತ, “ಈ ಹೊಸ ಗುಂಡು ಯಾಕೋ ನನಗೆ ಒಗ್ಗಿಲ್ಲ,” ಎಂದಿದ್ದಳು. ಇವಳಿಗೆ ಸಿಟ್ಟು ಬರಬೇಕಿತ್ತು, ಅಳು ಬರಬೇಕಿತ್ತು. ಬಂದದ್ದು, ತುಂಬ ಎತ್ತರದ ಏನನ್ನೋ ಕತ್ತೆತ್ತಿ ನೋಡುವಾಗ ಬರುವ ತಲೆಸುತ್ತು.

“ಹಲೋ ಕಂದಕ! ಕೆಂಪೋ ನೀಲಿಯೋ? ಸತ್ತೋದ್ಯೇನಮ್ಮ?” ಕಾರ್ಯದರ್ಶಿ.

“ಹಾಳೆ ತರ್ತೀನಿ ಸರ್.”

ಅಭ್ಯಾಸಬಲದಿಂದ ಹೊಸ ಹಾಳೆ ಸಿಕ್ಕಿಸಿ ಮೇಲೇರಿಸಿದಳು. ಹಳೆಯದನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ಬಯಲಿನ ಅಂಚಿನ ಕಾಲುದಾರಿ ಹಿಡಿದಳು. ಸುಳ್ಳು ಎಷ್ಟು ಸುಲಭವಾಗಿತ್ತು! ಹಾಳೆಗೆ ತೇಪೆ ಹಚ್ಚಿಬಿಟ್ಟೆ, ನೀಲಿ ಚೆಲ್ಲಾಪಿಲ್ಲಿಯಾಗಿತ್ತು, ಕೆಂಪು ಗಟ್ಟಿ ಕೂತಿತ್ತು ಎಂದರೆ ಎಲ್ಲರೂ ಬಚಾವು. ಚಿಕ್ಕಮ್ಮ ತಂಡದಲ್ಲಿ ಉಳಿಯುತ್ತಾಳೆ, ತಾನು ದುರ್ಬೀನಿನ ಹಿಂದೆ ಉಳಿಯುತ್ತೇನೆ, ಬಾಯಿಲ್ಲದ ಗುಂಡಿನ ತಲೆಗೆ ತಪ್ಪು ಕಟ್ಟಿದರೆ ಅದೇನು ಬಂದು ಜಗಳ ಕಾಯುತ್ತದೆಯೇ? ಚಿಕ್ಕಮ್ಮ ಬಯಸಿದ್ದೂ ಅದೇ ಇರಬಹುದು. ಹಾಗೆಂದುಕೊಂಡೇ ಅವಳ ಕಾಲು ನಿಧಾನವಾಯಿತು. ಆದರೆ ನಡೆದಷ್ಟೂ ಬಯಲು ಮುಗಿಯುತ್ತಿರಲಿಲ್ಲ. ಬೆವರು ಕುತ್ತಿಗೆಯಿಂದ ಬೆನ್ನಿಗಿಳಿಯಿತು, ಚಪ್ಪಲಿಯೊಳಗೆ ಹುಲ್ಲುಬೀಜ ಚುಚ್ಚಿತು. ಗುಂಡು ಒಂದು ಉಸಿರಿನಲ್ಲಿ ದಾಟಿದ್ದನ್ನು ಅವಳು ಹೆಜ್ಜೆಹೆಜ್ಜೆಯಾಗಿ ದಾಟಬೇಕಾಗಿತ್ತು. ಈ ಉದ್ದವೆಲ್ಲ, ಈ ಹುಲ್ಲಿನ ಮೇಲಿನ ಹೊರಳುವ, ನಿಲ್ಲುವ, ಮನಸ್ಸು ಬದಲಿಸುವ ಗಾಳಿಯೆಲ್ಲ ಚಿಕ್ಕಮ್ಮನಿಗೂ ಗುರಿಗೂ ನಡುವೆ ಇತ್ತು. ಇಷ್ಟನ್ನು ತಾನು ಗರಿಗರಿಯಾದ ನಾಲ್ಕು ಪದಗಳಲ್ಲಿ ಮುಗಿಸುತ್ತಿದ್ದಳು.

ಹಾಳೆಯನ್ನು ಚಾಪೆಯ ಮೇಲೆ ಬಿಡಿಸಿ, ಮೂಲೆಗಳಿಗೆ ತನ್ನ ಚಪ್ಪಲಿಗಳನ್ನೂ ಕಾರ್ಯದರ್ಶಿಯ ಫ್ಲಾಸ್ಕನ್ನೂ ಇಟ್ಟಳು. ಕಾರ್ಯದರ್ಶಿ ಬಗ್ಗಿದ, ಕನ್ನಡಕ ಹಣೆಗೇರಿಸಿದ, ಮತ್ತೆ ಇಳಿಸಿದ. ಬೆರಳಿಟ್ಟು ತೂತುಗಳನ್ನು ಎಣಿಸಿದ.

“ನೀಲಿ ಯಾವುದು?”

“ನೀವು ತರಿಸಿದ್ದು ಸರ್.”

“ನೋಡಿದ್ರಾ! ನನ್ನ ಗುಂಡಿಗೇನಾಗಿದೆ ಅಂತ ನಾನು ಬಡ್ಕೊಂಡೆ!” ಎಂದವನು ಹಾಗೇ ತಡೆದ. “ಕಣ್ಣಿಗೂ ಏನೂ ಆಗಿಲ್ಲ. ಹಾಗಾದ್ರೆ ವರ್ಷ ಪೂರ್ತಿ ಅದೇನದು?”

ಚಿಕ್ಕಮ್ಮ ರೈಫಲಿನ ಮೈಯನ್ನು ಬಟ್ಟೆಯಲ್ಲಿ ಒರೆಸುತ್ತ ತಲೆಯೆತ್ತದೆ ಹೇಳಿದಳು, “ಸ್ಕ್ರೂ ಒಂದು ಸಡಿಲ ಆಗಿತ್ತು. ಮೊನ್ನೆ ಬಿಗಿ ಮಾಡಿದೆ.”

ಅವಳು ಚಿಕ್ಕಮ್ಮನನ್ನು ನೋಡಿದಳು. ಸುಳ್ಳನ್ನು ಕೂಡ ಎಷ್ಟು ನವಿರಾಗಿ ಹೊಲಿದಿದ್ದಳು, ಹೊಲಿಗೆಯೇ ಕಾಣದಂತೆ! ಕಾರ್ಯದರ್ಶಿ ಆಗಲೇ ತಲೆಯಾಡಿಸತೊಡಗಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು.

“ಸ್ಕ್ರೂ ಅಲ್ಲ ಸರ್,” ಎಂದಳು. ದನಿ ಗಂಜಿಯಿಲ್ಲದೆ ಮುದುಡಿಕೊಂಡು ಬಂತು. “ನಾನು. ನಾನು ಹೇಳಿದ ಗಾಳಿ. ಕುದುರೆ ನಿಂತ್ರೆ ಗಾಳಿ ಇಲ್ಲ ಅಂದ್ಕೊಂಡಿದ್ದೆ. ಅದು ತಿರುಗೋಕೆ ನಿಲ್ಲೋದು. ಚಿಕ್ಕಮ್ಮ ನಾನು ಹೇಳಿದಲ್ಲಿಗೇ ಹೊಡೆದ್ರು.”

“ಓಹೋ!” ಕಾರ್ಯದರ್ಶಿ ಸೊಂಟಕ್ಕೆ ಕೈಕೊಟ್ಟ. “ಅದಕ್ಕೇ ನಾನು ಹೇಳೋದು, ಅಜ್ಜಿ ಕತೆ ಕೇಳ್ಕೊಂಡು ಬೆಳೆದೋರನ್ನ ದುರ್ಬೀನಿನ ಹತ್ರ ಕೂರಿಸ್ಬಾರ್ದು. ಸರಿ, ನಿಮ್ಮ ಹೆಸರು ಕಳಿಸ್ತೀನಿ. ಗಾಳಿ ಹೇಳೋಕೆ ಬೇರೆ ಯಾರನ್ನಾದ್ರೂ ನೋಡೋಣ.”

ಚಿಕ್ಕಮ್ಮ ಒರೆಸುವುದನ್ನು ನಿಲ್ಲಿಸಿದಳು. ಇವಳ ಮುಖವನ್ನು, ಕನ್ನಡಿಯೆದುರು ನಿಲ್ಲಿಸಿದ ಗಿರಾಕಿಯ ಭುಜವನ್ನು ನೋಡುವ ಹಾಗೆ, ಅಳತೆ ತೆಗೆದು ನೋಡಿದಳು. ಜೇಬಿನಿಂದ ಬಣ್ಣ ಹಚ್ಚದ ಒಂಟಿ ತೋಟಾ ತೆಗೆದು ಚಾಪೆಯ ಮೇಲಿಟ್ಟಳು.

“ಒಂದು ಉಳಿದಿದೆ. ಕೂತ್ಕೊ ಗುಬ್ಬಿ.”

“ಮತ್ತೆ ಇವಳ ಕೈಲೇ?” ಎಂದ ಕಾರ್ಯದರ್ಶಿ.

“ಸೆಕ್ರೆಟ್ರಿಗಳೇ, ಉಲ್ಟಾ ಹೊಲಿದ ಬಟ್ಟೇನ ಹೊಲಿದವಳ ಕೈಲೇ ಬಿಚ್ಚಿಸ್ಬೇಕು. ಬೇರೆಯವರು ಬಿಚ್ಚಿದ್ರೆ ಹರೀತಾರೆ.”

ಇವಳು ಕೂತು ದುರ್ಬೀನಿಗೆ ಕಣ್ಣಿಟ್ಟಳು. ಕುದುರೆಗಳು ಎಡದಿಂದ ಬಲಕ್ಕೆ ಓಡುತ್ತಿದ್ದವು, ಮೈಮೇಲೆ ಮೈ, ಜೂಲಿನ ಮೇಲೆ ಜೂಲು. ಪಕ್ಕದಲ್ಲಿ ತೋಟಾ ನುಂಗಿದ ರೈಫಲಿನ ಬೋಲ್ಟು ಮುಚ್ಚಿಕೊಂಡಿತು. ಚಿಕ್ಕಮ್ಮನ ಉಸಿರು ಸಣ್ಣಗಾಗುತ್ತ ಹೋಯಿತು. ಹೇಳಬೇಕು. ಎರಡು ಗೆರೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕುದುರೆಗಳು ನಿಧಾನವಾದವು, ಕಾಲೆತ್ತಿದವು, ನೆಟ್ಟಗೆ ಆಕಾಶಕ್ಕೆ ಉಕ್ಕಿ ನಿಂತವು. ಬಯಲಿಡೀ ನಿಂತಿತು.

“ತಡಿ,” ಎಂದಳು.

ಚಿಕ್ಕಮ್ಮ ತಡೆದಳು.

“ಏನಮ್ಮ, ಮತ್ತೆ ಹಾಲಿಟ್ಯಾ?” ಹಿಂದಿನಿಂದ ದನಿ.

“ಹೂಂ ಸರ್. ಉಕ್ತಾ ಇದೆ.”

ಯಾವ ಕಡೆಗೆ ತಿರುಗುತ್ತದೋ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಇಷ್ಟು ವಿಶಾಲವಾಗಿರಬಹುದೆಂದೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಒಂದು ಬೆರಳು ಕುದುರೆಯ ಮೇಲೆ, ಬಂದೂಕಿನ ಆ ಪುಟ್ಟ ಕಬ್ಬಿಣದ ಕುದುರೆಯ ಮೇಲೆ, ಇಬ್ಬನಿಯಷ್ಟು ಹಗುರಾಗಿ ಕೂತು, ಅವಳ ಒಂದು ಮಾತಿಗೆ ಕಾಯುತ್ತಿತ್ತು. ಅಜ್ಜಿಯ ಕತೆಯ ನಡುವೆ ತಾನು ನಿದ್ದೆಹೋಗುತ್ತಿರಲಿಲ್ಲವೇನೋ ಎಂದು ಅವಳಿಗೆ ಥಟ್ಟನೆ ಅನ್ನಿಸಿತು. ಮೂರನೆಯವಳ ಸರದಿ ಬಂದಾಗ ಅಜ್ಜಿಯೇ, ಗಾಳಿಗೆ ಹೆಸರಿಡದೆ ಕಾಯುವವಳ ಹಾಗೆ, ಸುಮ್ಮನಾಗುತ್ತಿದ್ದಳೇನೋ. ಕತ್ತಲಲ್ಲಿ ಆ ಮೌನ ಎಷ್ಟು ಉದ್ದವಿರುತ್ತಿತ್ತೆಂದರೆ ಅದನ್ನೇ ತಾನು ನಿದ್ದೆಯೆಂದುಕೊಂಡಿದ್ದಿರಬೇಕು.

ಅವಳು ಕಣ್ಣು ಮಿಟುಕಿಸಲಿಲ್ಲ. ಬಹಳ ದೂರದಲ್ಲಿ, ಹುಲ್ಲಿನ ನಡುವೆ ಎಲ್ಲೋ, ಒಂದೇ ಒಂದು ಕುದುರೆ ತಲೆಯನ್ನು ಬಲದಿಂದ ಎಡಕ್ಕೆ ಹೊರಳಿಸತೊಡಗಿತು.